ಹಸಿರು ಪೊಟ್ಟಣದ ಪರೀಕ್ಷಾಧಿಕಾರಿ

ನಾನು ಕೆಲಸ ಮಾಡುವುದು ಗ್ರಾಫಿಕ್ಸ್ ಕಾರ್ಡು ತಯಾರಿಸುವ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿ. ಈ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹೆಣ್ಣು ನೋಡಲು ಹೋದ ದಿನದಿಂದ ಹಿಡಿದು ನಾನು ನೆಂಟರಿಷ್ಟರ ಮುಂದೆ ಇಷ್ಟನ್ನು ಮಾತ್ರ ಹೇಳಿ, ಆಮೇಲೆ ಚಹಾದ ಬಟ್ಟಲಿಗೆ ಬಾಯಿ ಕೊಟ್ಟು ಸುಮ್ಮನಾಗುತ್ತಾ ಬಂದಿದ್ದೇನೆ. ಮುಂದಿನದನ್ನು ಕೇಳುವವರೇ ಊಹಿಸಿಕೊಂಡರೆ ಅದು ಅವರ ದೊಡ್ಡತನ, ನನ್ನ ತಪ್ಪಲ್ಲ ಎಂಬುದು ನನ್ನ ನಿಲುವಾಗಿತ್ತು.

ನಿಮ್ಮ ಹತ್ತಿರ ಮುಚ್ಚಿಡುವುದೇನು. ನಮ್ಮ ತೈಪೆಯಲ್ಲಿ ಯಂತ್ರ ಎಂದಮೇಲೆ ಅದರ ತಲೆಯ ಮೇಲೆ ಕುರುಕಲು ತಿಂಡಿಯ ಒಂದು ಹಸಿರು ಪೊಟ್ಟಣ ಇರಲೇಬೇಕು. ಆ ತಿಂಡಿಯ ಹೆಸರಿನ ಅರ್ಥವೇ ‘ಜಾಣಮರಿ, ಹೇಳಿದ ಮಾತು ಕೇಳು’ ಎಂದು. ಆಸ್ಪತ್ರೆಯ ಯಂತ್ರ, ಬ್ಯಾಂಕಿನ ಯಂತ್ರ, ರೈಲಿನ ಟಿಕೆಟ್ ಕೊಡುವ ಯಂತ್ರ, ಎಲ್ಲವೂ ಆ ಪೊಟ್ಟಣ ಹೊತ್ತುಕೊಂಡೇ ದುಡಿಯುತ್ತವೆ. ಪೊಟ್ಟಣ ಹಸಿರೇ ಆಗಿರಬೇಕು. ಕೆಂಪು ಇಟ್ಟರೆ ಯಂತ್ರವೂ ಕೆಂಪು ದೀಪ ಹೊತ್ತಿಸಿಕೊಂಡು ಕೂರುತ್ತದೆ. ಒಡೆಯಬಾರದು, ತಿನ್ನಬಾರದು, ಮುಖ್ಯವಾಗಿ ಅದರ ಮೇಲೆ ಅಚ್ಚಾದ ಕೊನೆಯ ತಾರೀಖು ದಾಟಬಾರದು. ದಾಟಿದರೆ ಯಂತ್ರ ಮುನಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ದೊಡ್ಡ ಓದು ಓದಿ ಬಂದ ಇಂಜಿನಿಯರು ಇದನ್ನೆಲ್ಲ ನಂಬುವುದಿಲ್ಲ. ಆದರೆ ಅವನ ಯಂತ್ರದ ಮೇಲಿನ ಪೊಟ್ಟಣವನ್ನು ಒಮ್ಮೆ ತೆಗೆದು ನೋಡಿ, ಎಲ್ಲರಿಗಿಂತ ಮೊದಲು ಬಾಯಿ ಮಾಡುವವನು ಅವನೇ.

ನಮ್ಮ ಪರೀಕ್ಷಾ ವಿಭಾಗದ ಅಷ್ಟೂ ಯಂತ್ರಗಳ ಪೊಟ್ಟಣ ಬದಲಾಯಿಸುವವನು ನಾನು, ಚಿಯೆನ್ ವೆನ್-ಫು. ಜೊತೆಗೆ ಪ್ರಿಂಟರಿಗೆ ಕಾಗದ ತುಂಬುವುದು, ಹೂಕುಂಡಗಳಿಗೆ ನೀರು ಹಾಕುವುದು. ಕಾರ್ಡಿನ ವಿಷಯದಲ್ಲಿ ನನಗೆ ಗೊತ್ತಿರುವುದು ಇಷ್ಟು: ಅದು ಇಟ್ಟಿಗೆಯಷ್ಟು ದಪ್ಪಗಿರುತ್ತದೆ, ಅದಕ್ಕೆ ಫ್ಯಾನುಗಳಿರುತ್ತವೆ, ಕಂಪ್ಯೂಟರಿನಲ್ಲಿ ಆಟ ಆಡುವವರು ಅದಕ್ಕಾಗಿ ಊಟ ನಿದ್ದೆ ಬಿಡುತ್ತಾರೆ.

ಆಗ ಹೊಸ ಕಾರ್ಡೊಂದು ಮಾರುಕಟ್ಟೆಗೆ ಬರುವುದಿತ್ತು. ಬರುವ ಮೊದಲೇ ಊರೆಲ್ಲ ಅದರದೇ ಮಾತು. ಹಳೆಯದರ ಎರಡರಷ್ಟು ವೇಗವಂತೆ ಎಂದು ಒಬ್ಬ, ಇಲ್ಲ, ಹಳೆಯದಕ್ಕೇ ಹೊಸ ಬಣ್ಣ ಹೊಡೆದಿದ್ದಾರಂತೆ ಎಂದು ಇನ್ನೊಬ್ಬ. ಬೆಲೆಯಂತೂ ಮೂವತ್ತು ಸಾವಿರ ತೈವಾನ್ ಡಾಲರಿನಿಂದ ಶುರುವಾಗಿ, ಹೇಳುವವನ ಮುಖ ಎಷ್ಟು ಗಂಭೀರವಾಗಿದೆಯೋ ಅದರ ಮೇಲೆ ಏರುತ್ತಾ ಹೋಗುತ್ತಿತ್ತು. ನಾನು ಈ ಮಾತುಗಳ ಮಧ್ಯೆ ತಲೆಯಾಡಿಸದೆ, ಅಲ್ಲಗಳೆಯದೆ, ತಿಳಿದವನ ಹಾಗೆ ಓಡಾಡಿಕೊಂಡಿದ್ದೆ.

ಇಂಥ ಹೊತ್ತಿಗೆ ನಮ್ಮ ಮನೆಯ ಕರೆಂಟು ಕುಕ್ಕರು ಕೆಟ್ಟಿತು. ಅದೇ ವಾರ ಓಣಿಯ ಮೂಲೆಯ ಅಂಗಡಿಯಲ್ಲಿ ವೆಂಗ್ ಅಕ್ಕ ಬೋರ್ಡು ತೂಗುಹಾಕಿದಳು: ಹಸಿರು ಪೊಟ್ಟಣದ ಹತ್ತು ಪೆಟ್ಟಿಗೆ ಕೊಂಡವರಿಗೆ ಒಂದು ಕುಕ್ಕರು ಉಚಿತ. ಹತ್ತು ಪೆಟ್ಟಿಗೆ ಕೊಳ್ಳುವ ಹುಚ್ಚ ಈ ಊರಿನಲ್ಲಿ ಇರಲಾರ ಎಂದು ಲೆಕ್ಕ ಹಾಕಿಯೇ ಆ ಬೋರ್ಡು ಬರೆಸಿರಬೇಕು. ಆಫೀಸಿನ ಖರ್ಚಿನಲ್ಲಿ ಪೊಟ್ಟಣ ಕೊಳ್ಳುವ ಅಧಿಕಾರ ನನಗಿತ್ತು. ಅಧಿಕಾರ ಅನ್ನುವಂಥದ್ದು ನನಗಿದ್ದದ್ದು ಅದೊಂದೇ.

“ಏನ್ ಚಿಯೆನಣ್ಣ, ಹತ್ತು ಪೆಟ್ಟಿಗೇನಾ? ಯಾವಾಗ್ಲೂ ಒಂದೇ ತಗೊಂಡು ಹೋಗೋರು,” ಎಂದಳು ವೆಂಗ್ ಅಕ್ಕ.

ಕುಕ್ಕರಿಗೋಸ್ಕರ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಬೆನ್ನ ಹಿಂದೆ ನಮ್ಮ ಓಣಿಯ ಹಲ್ಲಿನ ಡಾಕ್ಟರು, ಛಿಯೋ ಯೀ-ಫಾಂಗ್, ಐಸ್‌ಕ್ರೀಮು ಹಿಡಿದುಕೊಂಡು ನಿಂತಿದ್ದಳು. ಓದಿದವರ ಮುಂದೆ ಪುಕ್ಕಟೆ ಕುಕ್ಕರಿಗೆ ಕೈಚಾಚುವುದು ಹೇಗೆ? ನಾನು ಓಣಿಯ ಆ ತುದಿ ಈ ತುದಿ ನೋಡಿದೆ. ದನಿ ಇಳಿಸಿದೆ.

“ಹೇಳೋ ಹಾಗಿಲ್ಲ ಅಕ್ಕ.”

“ಹೊಸ ಕಾರ್ಡಿಂದಾ? ಯಂತ್ರಗಳು ಮಾತು ಕೇಳ್ತಾ ಇಲ್ವಾ?”

“ನಾನೇನೂ ಹೇಳಿಲ್ಲ,” ಎಂದು ನಿಟ್ಟುಸಿರುಬಿಟ್ಟೆ. ನಿಟ್ಟುಸಿರು ಬಂದದ್ದು ಹತ್ತು ಪೆಟ್ಟಿಗೆಯನ್ನು ಹೇಗೆ ಹೊರುವುದು ಎಂಬ ಚಿಂತೆಗೆ. ವೆಂಗ್ ಅಕ್ಕ ಮಾತ್ರ, ಆಸ್ಪತ್ರೆಯಲ್ಲಿ ಯಾರನ್ನೋ ಇಟ್ಟುಕೊಂಡವರನ್ನು ನೋಡುವ ಹಾಗೆ ನನ್ನನ್ನು ನೋಡಿ, ಕುಕ್ಕರಿನ ಜೊತೆ ಒಂದು ಸೌಟನ್ನೂ ಕೊಟ್ಟಳು.

ಸಂಜೆ ಕಸದ ಗಾಡಿ ಸಂಗೀತ ಬಾರಿಸಿಕೊಂಡು ಬರುವ ಹೊತ್ತಿಗೆ ಓಣಿಯವರೆಲ್ಲ ಕೈಯಲ್ಲಿ ಕಸದ ಚೀಲ ಹಿಡಿದು ಮೂಲೆಯಲ್ಲಿ ನಿಂತಿರುತ್ತಾರೆ. ನಮ್ಮಲ್ಲಿ ಪತ್ರಿಕೆ ಓದದವನಿಗೂ ನಡೆಯುತ್ತದೆ, ಕಸ ಹಾಕಲು ಹೋಗದವನಿಗೆ ಊರಿನ ಸುದ್ದಿಯೇ ಇಲ್ಲ. ನಾನು ಹೋದಾಗ ಮಾತು ತಟ್ಟನೆ ನಿಂತಿತು. ಯಾವತ್ತೂ ನನ್ನನ್ನು ಮೊಣಕೈಯಿಂದ ತಳ್ಳಿಕೊಂಡು ಮುಂದೆ ನುಗ್ಗುವ ಜನ ಅವತ್ತು ದಾರಿ ಬಿಟ್ಟರು.

“ಹತ್ತು ಪೆಟ್ಟಿಗೆ ಅಂದ್ರೆ ಸುಮ್ನೇನಾ,” ಎಂದು ಯಾರೋ ಪಿಸುಗುಟ್ಟಿದರು. “ಬೆಂಕಿ ಗಿಂಕಿ ಹತ್ಕೊಂಡಿರಬೇಕು.”

“ಅವರನ್ನ ಕೇಳಬೇಡ್ರೀ. ಬಾಯಿ ಬಿಟ್ರೆ ಕೆಲಸ ಹೋಗುತ್ತೆ ಪಾಪ,” ಎಂದಳು ವೆಂಗ್ ಅಕ್ಕ.

ಇಷ್ಟು ಗೌರವ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ನಾನು ಅಲ್ಲಗಳೆಯಲಿಲ್ಲ. ಕಸ ಹಾಕಿ, ತಲೆ ತಗ್ಗಿಸಿ, ನಿಧಾನವಾಗಿ ಮನೆಗೆ ನಡೆದೆ.

ಎರಡು ದಿನ ಬಿಟ್ಟು ದವಡೆಯ ಹಲ್ಲು ತೋರಿಸಲು ಡಾಕ್ಟರ್ ಛಿಯೋಳ ಕುರ್ಚಿಯಲ್ಲಿ ಒರಗಿಕೊಂಡಾಗ ಗೊತ್ತಾಯಿತು, ಆಕೆ ಹಗಲು ಹಲ್ಲು ಕೊರೆಯುವವಳು, ಉಳಿದ ಹೊತ್ತಿನಲ್ಲಿ ಆಟದ ಹುಚ್ಚಿನವಳು, ಮೇಲಾಗಿ ಹೊಸ ಕಾರ್ಡುಗಳ ಒಳಸುದ್ದಿ ಬರೆಯುವ ಇಂಟರ್ನೆಟ್ ಪುಟವೊಂದನ್ನು ನಡೆಸುವವಳು ಎಂದು. ನನ್ನ ಬಾಯಿ ತೆರೆಸಿ, ಹತ್ತಿ ತುರುಕಿ, ಕೊರೆಯುವ ಸಲಕರಣೆ ಕೈಗೆತ್ತಿಕೊಂಡ ಮೇಲೆ ಅವಳು ವಿಚಾರಣೆ ಶುರುಮಾಡಿದಳು.

“ನೀವು ಏನೂ ಹೇಳಬೇಡಿ ಚಿಯೆನಣ್ಣ. ನಾನು ಹೇಳ್ತಾ ಹೋಗ್ತೀನಿ. ಕಾರ್ಡು ಕಾದು ಬಿಸಿಯಾಗ್ತಾ ಇದೆ, ಅಲ್ವಾ?”

ಅದೇ ಕ್ಷಣಕ್ಕೆ ಕೊರೆತ ನರಕ್ಕೆ ತಾಗಿತು. ನನ್ನ ಎರಡೂ ಕಣ್ಣಿಂದ ನೀರು ಹರಿಯಿತು. ಆಕೆ ಕೈ ನಿಲ್ಲಿಸಿ, ಮಾಸ್ಕಿನ ಮೇಲಿಂದ ನನ್ನನ್ನು ಕನಿಕರದಿಂದ ನೋಡಿದಳು. “ಅಷ್ಟು ಕೆಟ್ಟದಾಗಿದೆಯಾ,” ಎಂದಳು.

ಅವತ್ತೇ ಅವಳ ಪುಟದಲ್ಲಿ ಸುದ್ದಿ ಬಂತು. ಪರೀಕ್ಷಾ ಕೋಣೆಯ ಒಳಗಿನ, ಹೆಸರು ಹೇಳಲಾಗದ, ಕಣ್ಣೀರು ತಡೆಯಲಾಗದ ಮೂಲವೊಂದರ ಪ್ರಕಾರ ಹೊಸ ಕಾರ್ಡು ವಿಪರೀತ ಕಾಯುತ್ತಿದೆ, ಅದಕ್ಕಾಗಿ ವೇಗ ಇಳಿಸುತ್ತಿದ್ದಾರೆ, ಹಳೆಯದಕ್ಕಿಂತ ನೂರಕ್ಕೆ ಬರೇ ಐದರಷ್ಟು ಹೆಚ್ಚು. ಈ ಸುದ್ದಿ ಜರ್ಮನಿಗೆ ಹೋಯಿತು, ಅಲ್ಲಿ ಐದು ಮೂರಾಯಿತು. ಅಲ್ಲಿಂದ ಕೊರಿಯಾಕ್ಕೆ ಹೋಗಿ ಬೆಲೆಯನ್ನೂ ಅಂಟಿಸಿಕೊಂಡಿತು. ಕೊನೆಗೆ ತೈಪೆಗೆ ಮರಳಿ ಬಂದಾಗ ಡಾಕ್ಟರ್ ಛಿಯೋಳೇ ಅದನ್ನು ಓದಿ, ವಿದೇಶದವರೂ ಹೇಳುತ್ತಿದ್ದಾರೆ ಎಂದಮೇಲೆ ನಮ್ಮ ಸುದ್ದಿ ಖಚಿತ ಎಂದು ಬರೆದಳು. ಹೀಗೆ ನನ್ನ ಹಲ್ಲುನೋವು ಪ್ರಪಂಚ ಸುತ್ತಿಕೊಂಡು ಬಂತು.

ಇಲ್ಲಿಯವರೆಗೂ ನನಗೆ ಸುಖವೇ ಇತ್ತು. ಅಷ್ಟರಲ್ಲಿ ಒಂದು ಸಂಜೆ ನನ್ನ ಹೆಂಡತಿ ಷೂ-ಚುವಾನಳ ತಮ್ಮ ಗುವೊ-ಷುಂಗ್ ಒಂದು ಬುಟ್ಟಿ ಸೀಬೆಹಣ್ಣು ಹಿಡಿದುಕೊಂಡು ಬಂದ. ಗುವಾಂಗ್‌ಹುವಾ ಕಂಪ್ಯೂಟರ್ ಮಾರ್ಕೆಟ್ಟಿನಲ್ಲಿ ಅವನದೊಂದು ಅಂಗಡಿ. ಅವರಪ್ಪ ರೇಡಿಯೋ ಬಿಡಿಭಾಗ ಮಾರಲು ಶುರುಮಾಡಿದ್ದು, ಈಗ ಕಾರ್ಡು ಮಾರುತ್ತದೆ. ಅವನೂ ಅವನ ತಾಯಿಯೂ ಅದರಿಂದಲೇ ಊಟ ಮಾಡುತ್ತಾರೆ. ಯಾವತ್ತೂ ಬರಿಗೈಯಲ್ಲಿ ಬಂದು ನನ್ನ ಪಾಲಿನ ಬಿಯರು ಕುಡಿದು ಹೋಗುವವನು ಹಣ್ಣು ತಂದದ್ದು ನೋಡಿಯೇ ನನಗೆ ಅನುಮಾನ ಬಂತು.

“ಭಾವ, ನೀವು ಬಾಯಿ ಬಿಡಬೇಡಿ. ನನಗೆಲ್ಲ ಅರ್ಥ ಆಗಿದೆ,” ಎಂದ. “ತಾವ್‌ಯುಆನ್ ಊರಿನ ಪಾನ್ ಸಾಹುಕಾರನ ಹತ್ರ ಒಂದು ಲಾರಿ ಹಳೇ ಕಾರ್ಡಿದೆ. ಹೊಸದು ಕೆಟ್ಟದಾಗಿ ಬಂದ್ರೆ ಜನ ಹಳೇದಕ್ಕೇ ಮುಗಿಬೀಳ್ತಾರೆ. ಶನಿವಾರ ಲಾರಿ ಬರುತ್ತೆ. ಅಂಗಡಿ ಮೇಲೆ ಸಾಲ ತೆಗೆದು ಅಷ್ಟೂ ಎತ್ತಿಬಿಡ್ತೀನಿ.”

“ಹೊಸದು ಚೆನ್ನಾಗಿ ಬಂದ್ರೆ?” ಎಂದಳು ಷೂ-ಚುವಾನ್.

“ಚೆನ್ನಾಗಿ ಬಂದ್ರೆ ಅಂಗಡಿ ಹೋಯ್ತು. ಆದ್ರೆ ಬರಲ್ಲವಲ್ಲ ಅಕ್ಕ. ಭಾವ ಇದಾರಲ್ಲ.”

ನಾನು ಎದ್ದು ಹೋಗಿ ಅಡಿಗೆಮನೆಯಿಂದ ಕುಕ್ಕರನ್ನು ತಂದು ಮೇಜಿನ ಮೇಲಿಟ್ಟೆ. ಹತ್ತು ಪೆಟ್ಟಿಗೆ ಕೊಂಡದ್ದು ಇದಕ್ಕೆ, ಕಣ್ಣೀರು ಬಂದದ್ದು ಹಲ್ಲಿಗೆ ಎಂದು ಮೊದಲಿಂದ ಕೊನೆಯವರೆಗೂ ಹೇಳಿದೆ. ಗುವೊ-ಷುಂಗ್ ಕುಕ್ಕರಿನ ಮುಚ್ಚಳ ತೆಗೆದು ಒಳಗೆ ಇಣುಕಿದ. ಮತ್ತೆ ಮುಚ್ಚಿದ. ಅವನ ಮುಖದಲ್ಲಿ ನನ್ನ ಬಗ್ಗೆ ಹಿಂದೆಂದೂ ಕಾಣದ ಭಕ್ತಿ ಮೂಡಿತು.

“ಕಂಪನಿಯೋರು ಹೀಗೆ ಹೇಳು ಅಂತ ಕುಕ್ಕರ್ ಸಮೇತ ಕೊಟ್ಟು ಕಳಿಸಿದಾರಾ ಭಾವ? ಎಷ್ಟು ಮುಂದಾಲೋಚನೆ.”

“ಲೋ, ದೇವರಾಣೆಗೂ ನಿಜ ಕಣೋ.”

“ದೇವರನ್ನೇ ಕೇಳೋಣ ಬನ್ನಿ,” ಎಂದು ನನ್ನ ಕೈ ಹಿಡಿದು ಓಣಿಯ ಭೂಮಿದೇವರ ಗುಡಿಗೆ ಎಳೆದುಕೊಂಡು ಹೋದ. ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಕೈಯಲ್ಲಿ ಹಿಡಿದು, ಭಾವ ಹೇಳುತ್ತಿರುವುದು ನಿಜವೇ ಎಂದು ಕೇಳಿ, ನೆಲಕ್ಕೆ ಹಾಕಿದ. ಒಂದು ಬೋರಲು ಒಂದು ಅಂಗಾತ ಬಿದ್ದರೆ ಹೌದು. ಎರಡೂ ಬೋರಲು ಬಿದ್ದರೆ ಇಲ್ಲ. ಎರಡೂ ಅಂಗಾತ ಬಿದ್ದವು. ಹಾಗೆ ಬಿದ್ದರೆ ದೇವರು ನಗುತ್ತಿದ್ದಾನೆಂದು ಅರ್ಥ. ಮತ್ತೆ ಹಾಕಿದ, ದೇವರು ಮತ್ತೆ ನಕ್ಕ. ಮೂರನೆಯ ಸಲವೂ ನಕ್ಕ.

“ನೋಡಿದ್ರಾ ಭಾವ? ಕುಕ್ಕರ್ ಕಥೆ ಕೇಳಿ ಅವನಿಗೇ ತಡ್ಕೊಳ್ಳೋಕೆ ಆಗ್ತಿಲ್ಲ,” ಎಂದು ಗುವೊ-ಷುಂಗ್ ಊದುಬತ್ತಿ ಹಚ್ಚಿಟ್ಟು ಹೊರಟುಹೋದ. ದೇವರು ನಕ್ಕದ್ದು ಯಾರನ್ನು ನೋಡಿ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಈ ಕಡೆ ಆಫೀಸಿನಲ್ಲಿ ನಾನು ಇನ್ನೊಂದು ಘನಕಾರ್ಯ ಮಾಡಿದ್ದೆ. ಹತ್ತು ಪೆಟ್ಟಿಗೆ ಇಡಲು ಜಾಗವಿರಲಿಲ್ಲ. ಅದಕ್ಕೆ ಪ್ರತಿ ಯಂತ್ರದ ಮೇಲೂ ಮೂರು ಮೂರು ಪೊಟ್ಟಣ ಇಟ್ಟಿದ್ದೆ. ಇಂಜಿನಿಯರುಗಳು ಬೆಳಿಗ್ಗೆ ಬಂದು, ತಮ್ಮ ಯಂತ್ರದ ತಲೆ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲಿನವರಿಗೆ ಏನೋ ಗೊತ್ತಾಗಿದೆ, ನಮಗೆ ಹೇಳುತ್ತಿಲ್ಲ ಎಂದು ಅವರು ತೀರ್ಮಾನಿಸಿದರು. ಮುಗಿದಿದ್ದ ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿಂದ ಶುರುಮಾಡಿದರು.

ಅಷ್ಟರಲ್ಲಿ ಹೊರಗಿನ ಸುದ್ದಿ ಒಳಗೂ ಬಂತು. ನಮ್ಮ ವಿಭಾಗದ ಮೇಲ್ವಿಚಾರಕಿ ಲಾನ್ ಮೇಡಂ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು, ಬಾಯಿ ಬಿಟ್ಟವರು ಯಾರೆಂದು ಕೇಳತೊಡಗಿದರು. ನಾನು ಮುಖ ತೊಳೆದು, ತಲೆ ಬಾಚಿ, ಸಾಲಿನ ಕೊನೆಯಲ್ಲಿ ಕೂತೆ. ತಪ್ಪೊಪ್ಪಿಕೊಳ್ಳುವುದೋ, ಧೈರ್ಯವಾಗಿ ಸುಳ್ಳು ಹೇಳುವುದೋ ಎಂದು ಯೋಚಿಸಿ ಯೋಚಿಸಿ ಬೆವೆತಿದ್ದೆ. ಕೊನೆಯ ಇಂಜಿನಿಯರೂ ಹೊರಗೆ ಬಂದ. ಲಾನ್ ಮೇಡಂ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು.

“ಚಿಯೆನಣ್ಣ, ಆ ಕಿಟಕಿ ಹತ್ರದ ಕುಂಡಕ್ಕೆ ನೀರು ಹಾಕಿ. ಬಾಡ್ತಾ ಇದೆ.”

“ನನ್ನನ್ನ ಕೇಳಲ್ವಾ ಮೇಡಂ?”

“ಏನನ್ನ?” ಎಂದರು ಅವರು. ನಿಜವಾಗಿಯೂ ಅವರಿಗೆ ಅರ್ಥವಾಗಲಿಲ್ಲ.

ಪ್ರಪಂಚವನ್ನೇ ಅಲ್ಲಾಡಿಸಿದ ಒಳಮೂಲ ಕುಂಡಕ್ಕೆ ನೀರು ಹಾಕಿತು. ನನಗೆ ಅವಮಾನವಾಯಿತು ಎಂದರೆ ಕಡಿಮೆ. ಆದರೂ ಶನಿವಾರದ ಭಯ ಅವಮಾನಕ್ಕಿಂತ ದೊಡ್ಡದಿತ್ತು. ಪಕ್ಕದ ಮೇಜಿನ ಇಂಜಿನಿಯರನ್ನು ಮೆಲ್ಲನೆ ಕೇಳಿದೆ, ಕಾರ್ಡು ನಿಜವಾಗಿ ಹೇಗಿದೆ ಎಂದು.

ಅವನು ಗಡ್ಡ ಕೆರೆದುಕೊಂಡ. “ಚೆನ್ನಾಗೇ ಇತ್ತು ಅಣ್ಣ. ನೀವು ಮೂರು ಪೊಟ್ಟಣ ಇಟ್ಟ ಮೇಲೆ ನನಗೂ ಅನುಮಾನ ಬಂದಿದೆ.”

ಅಂದರೆ ಕಾರ್ಡು ಚೆನ್ನಾಗಿದೆ. ಅಂದರೆ ಭಾವಮೈದನ ಅಂಗಡಿ ಹೋಯಿತು. ಫೋನು ಮಾಡಿದರೆ ಅವನು ಎತ್ತಲಿಲ್ಲ. ಕಂಪನಿಯವರು ಕದ್ದು ಕೇಳುತ್ತಾರೆ, ಫೋನಿನಲ್ಲಿ ಮಾತು ಬೇಡ ಭಾವ ಎಂದು ಒಂದು ಸಂದೇಶ ಮಾತ್ರ ಕಳಿಸಿದ.

ಶನಿವಾರ ಬೆಳಿಗ್ಗೆ ಷೂ-ಚುವಾನ್ ನನ್ನ ಮುಂದೆ ಗಂಜಿಯ ಬಟ್ಟಲನ್ನು ಕುಕ್ಕಿದಳು. “ಒಂದು ಕುಕ್ಕರ್ ತಂದು ನನ್ನ ತವರುಮನೆ ಅಂಗಡಿ ಮುಳುಗಿಸ್ತಾ ಇದೀರಿ.”

“ನಿಜ ಹೇಳಿದೆನಲ್ಲ. ನಂಬಲ್ಲ ಅಂತಾನೆ.”

“ಅರ್ಧ ನಿಜ ಹೇಳಿದೀರಿ. ನೀವ್ಯಾರು ಅಂತ ಹೇಳಿಲ್ಲ. ಪೊಟ್ಟಣ ಇಡೋನು ನಾನು, ಕಾರ್ಡಿನ ವಿಷಯ ನನಗೇನೂ ಗೊತ್ತಿಲ್ಲ ಅಂತ ಅವನ ಮುಂದೆ ಹೇಳಿ. ಆಗ ನಂಬ್ತಾನೆ.”

“ನಿಮ್ಮಮ್ಮನೂ ಅಲ್ಲೇ ಇರ್ತಾರೆ ಕಣೇ.”

“ಇರಲಿ,” ಎಂದಳು.

ನನಗೆ ಅಳು ಬಂತು. ಅತ್ತೆಯ ಮನೆಯಲ್ಲಿ ನನಗಿದ್ದ ಒಂದೇ ಒಂದು ಗೌರವ ಅದು. ಹಬ್ಬದ ಊಟಕ್ಕೆ ಕೂತಾಗ, ನಮ್ಮ ಅಳಿಯ ಪರೀಕ್ಷಾ ವಿಭಾಗದಲ್ಲಿದ್ದಾರೆ ಎಂದು ಅತ್ತೆ ಯಾರಿಗಾದರೂ ಹೇಳುವುದನ್ನು ಕೇಳಿಸಿಕೊಳ್ಳಲೆಂದೇ ನಾನು ವರ್ಷವಿಡೀ ಕಾಯುತ್ತಿದ್ದೆ. ಗಂಜಿ ಮುಗಿಸದೆ ಎದ್ದೆ. ಬಸ್ಸು ಹಿಡಿದು, ಮಾರ್ಕೆಟ್ಟಿನ ಲಿಫ್ಟಿನ ಮುಂದೆ ಜನ ಕಂಡು, ಮೆಟ್ಟಿಲು ಹತ್ತಿಯೇ ಓಡಿದೆ.

ಅಂಗಡಿಯ ಮುಂದೆ ಆಗಲೇ ಪಾನ್ ಸಾಹುಕಾರ ಬಾಯಲ್ಲಿ ಅಡಿಕೆ ಹಾಕಿಕೊಂಡು ನಿಂತಿದ್ದ. ಕೆಳಗೆ ಅವನ ಲಾರಿ. ಅಂಗಡಿಯ ಒಳಗೆ ಅತ್ತೆ ಮೊರದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಹೊಸ ಕಾರ್ಡಿನ ಬೆಲೆ ವಿಚಾರಿಸಲು ಬಂದ ಗಿರಾಕಿಗಳೂ ಒಂದಿಷ್ಟಿದ್ದರು. ಗುವೊ-ಷುಂಗ್ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದ.

“ನಿಲ್ಸು,” ಎಂದೆ, ಏದುಸಿರು ಬಿಡುತ್ತಾ. “ಗುವೊ-ಷುಂಗ್, ನಾನು ಪರೀಕ್ಷೆ ಮಾಡೋನಲ್ಲ. ನಾನು ಯಂತ್ರದ ಮೇಲೆ ಹಸಿರು ಪೊಟ್ಟಣ ಇಡೋನು. ತಾರೀಖು ಮುಗಿದಾಗ ಬದಲಾಯಿಸ್ತೀನಿ. ಕಾರ್ಡು ಕಪ್ಪೋ ಬಿಳೀನೋ ನನಗೆ ಗೊತ್ತಿಲ್ಲ.”

ಅತ್ತೆಯ ಕೈಯಲ್ಲಿ ಕಡಲೆಕಾಯಿ ಒಡೆದ ಸದ್ದೊಂದೇ ಕೇಳಿಸಿತು. ಭೂಮಿ ಬಾಯ್ಬಿಡಲಿ ಎಂದುಕೊಂಡೆ, ಆದರೆ ನಾವಿದ್ದದ್ದು ಮೂರನೆಯ ಮಹಡಿಯಲ್ಲಿ.

“ಗೊತ್ತು ಭಾವ,” ಎಂದ ಗುವೊ-ಷುಂಗ್.

“ಏನು ಗೊತ್ತು?”

“ನೀವು ಪೊಟ್ಟಣ ಇಡೋರು ಅಂತ. ನಿಮ್ಮ ಮದುವೆ ಆದ ವರ್ಷಾನೇ ಗೊತ್ತಾಯ್ತು. ಅಮ್ಮಂಗೂ ಗೊತ್ತು. ಅದಕ್ಕೇ ತಾನೇ ನಿಮ್ಮನ್ನ ನಂಬ್ತಿರೋದು? ಇಂಜಿನಿಯರ್ ಒಬ್ಬೊಬ್ಬ ಒಂದೊಂದು ಯಂತ್ರದ ಮುಂದೆ ಕೂತಿರ್ತಾನೆ. ನೀವು ಅಷ್ಟೂ ಯಂತ್ರದ ತಲೆ ಮುಟ್ಟಿ ಬರೋರು. ಯಾವುದಕ್ಕೆ ಜ್ವರ ಬಂದಿದೆ ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತಾಗುತ್ತೆ?”

ಗಿರಾಕಿಗಳು ಹೌದೌದೆಂದು ತಲೆಯಾಡಿಸಿದರು. ಒಬ್ಬನಂತೂ ನನ್ನ ಜೊತೆ ಫೋಟೋ ತೆಗೆಸಿಕೊಂಡ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಗುಟ್ಟೇ ಆಗಿರಲಿಲ್ಲ. ನಾನು ಚಹಾದ ಬಟ್ಟಲಿಗೆ ಬಾಯಿ ಕೊಟ್ಟಾಗಲೆಲ್ಲ ಎದುರಿಗಿದ್ದವರೂ ನಗು ತಡೆಯಲು ತಮ್ಮ ಬಟ್ಟಲಿಗೆ ಬಾಯಿ ಕೊಡುತ್ತಿದ್ದರೇನೋ.

ಪಾನ್ ಸಾಹುಕಾರ ಮಾತ್ರ ಅಗಿಯುವುದನ್ನು ನಿಲ್ಲಿಸಿದ್ದ. “ಪೊಟ್ಟಣ ಇಡೋರು ನೀವೇನಾ? ಯಂತ್ರಕ್ಕೆ ಎಷ್ಟು ಇಡ್ತಾ ಇದೀರಿ?”

“ಈಗ ಮೂರು,” ಎಂದೆ. ಸತ್ಯ ಹೇಳುವ ನಿರ್ಧಾರ ಮಾಡಿ ಬಂದಿದ್ದೆನಲ್ಲ.

“ಮೂರು,” ಎಂದ ಪಾನ್. ಗುವೊ-ಷುಂಗ್ ಕೈಯಿಂದ ಕಾಗದವನ್ನು ಮೆಲ್ಲನೆ ಎಳೆದುಕೊಂಡ. ಮಡಿಸಿ ಜೇಬಿಗೆ ಹಾಕಿಕೊಂಡ. “ಈ ಮಾಲು ನಾನು ಮಾರಲ್ಲ.”

“ಸಾಹುಕಾರ್ರೇ, ಮಾತಾಗಿದೆ,” ಎಂದ ಗುವೊ-ಷುಂಗ್.

“ಮಾತಾದಾಗ ಮೂರು ಅಂತ ಗೊತ್ತಿರಲಿಲ್ಲ. ಹಳೇ ಕಾರ್ಡಿಗೆ ಚಿನ್ನದ ಬೆಲೆ ಬರುತ್ತೆ. ನಾನೇ ಇಟ್ಕೋತೀನಿ.” ಅವನು ಇಳಿದು ಹೋದ. ಕೆಳಗೆ ಲಾರಿ ಹೊರಟ ಸದ್ದು ಕೇಳಿಸಿತು.

ಗುವೊ-ಷುಂಗ್ ಮುಚ್ಚಳ ತೆಗೆದ ಪೆನ್ನು ಹಿಡಿದುಕೊಂಡು ಹಾಗೇ ನಿಂತಿದ್ದ. “ಭಾವ, ನನ್ನ ಬಾಯಿಗೆ ಬಂದಿದ್ದ ತುತ್ತು ಕಿತ್ತುಕೊಂಡ್ರಿ. ಇನ್ಮೇಲೆ ನನ್ನ ಅಂಗಡಿಗೆ ಬರಬೇಡಿ,” ಎಂದ. ನಾನು ಮೆಟ್ಟಿಲಿಳಿದು ಬಂದೆ. ಅತ್ತೆ ಕಡಲೆಕಾಯಿ ಬಿಡಿಸುತ್ತಲೇ ಇದ್ದರು.

ಮುಂದಿನ ತಿಂಗಳು ಹೊಸ ಕಾರ್ಡು ಬಂತು. ಕಾಯಲಿಲ್ಲ, ಕೆಡಲಿಲ್ಲ. ಒಂದಕ್ಕೆ ಎರಡು ಸಲ ಪರೀಕ್ಷೆ ಮಾಡಿದ್ದರಿಂದ ಹಿಂದಿನ ಯಾವ ಕಾರ್ಡಿಗಿಂತಲೂ ಗಟ್ಟಿಯಾಗಿದೆ ಎಂದು ಕಂಪನಿ ಹೇಳಿಕೊಂಡಿತು; ಲಾನ್ ಮೇಡಂಗೆ ಬಡ್ತಿಯೂ ಸಿಕ್ಕಿತು. ಬೆಲೆ ಎಲ್ಲರ ಊಹೆಗಿಂತ ಕಡಿಮೆ. ಬೆಲೆ ಹೊರಬಿದ್ದ ದಿನವೇ ಹಳೆಯ ಕಾರ್ಡನ್ನು ಕೇಳುವವರು ಇಲ್ಲವಾದರು. ಪಾನ್ ಸಾಹುಕಾರ ದಿನಕ್ಕೊಂದು ಸಲ ಗುವೊ-ಷುಂಗ್‌ಗೆ ಫೋನು ಮಾಡಿ, ಕೈಲಾದಷ್ಟು ದುಡ್ಡು ಕೊಟ್ಟು ತಗೋ ಮಾರಾಯ, ಗೋಡೌನು ಖಾಲಿ ಮಾಡಬೇಕು ಎನ್ನತೊಡಗಿದ. ಡಾಕ್ಟರ್ ಛಿಯೋ ತನ್ನ ಪುಟದಲ್ಲಿ, ನಮ್ಮ ಎಚ್ಚರಿಕೆಯಿಂದಲೇ ಕಂಪನಿ ತಪ್ಪು ತಿದ್ದಿಕೊಂಡಿತು ಎಂದು ಬರೆದು ಬೀಗಿದಳು.

ಆ ಭಾನುವಾರ ಅತ್ತೆಯ ಮನೆಯಿಂದ ಊಟಕ್ಕೆ ಕರೆ ಬಂತು. ನಾನು ಹೆದರಿಕೊಂಡೇ ಹೋದೆ. ಗುವೊ-ಷುಂಗ್ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡ. ಅವನ ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಎದ್ದು ನಿಂತರು. ನನ್ನನ್ನು ಮೇಜಿನ ಮೇಲ್ತುದಿಗೆ ಕೂರಿಸಿ, ಬಟ್ಟಲಿಗೆ ಮದ್ಯ ಸುರಿದ ಅವನು ಕಥೆ ಹೇಳತೊಡಗಿದ.

“ಏನು ನಾಟಕ ಅಂತೀರಿ. ಏದುಸಿರು ಬಿಟ್ಕೊಂಡು ಬಂದ್ರು. ಮೂರು ಅಂದ್ರು ನೋಡಿ, ಒಂದೇ ಮಾತು. ಪಾನ್ ಮಾಲು ಎತ್ಕೊಂಡು ಓಡಿಹೋದ. ಎಲ್ಲ ಮೊದಲೇ ಲೆಕ್ಕ ಹಾಕಿದ್ರು ಭಾವ. ನನಗೆ ತಿಳೀಲಿಲ್ಲ, ಬೈದುಬಿಟ್ಟೆ.”

ಎಲ್ಲರೂ ಬಟ್ಟಲೆತ್ತಿದರು. ನಾನೂ ಎತ್ತಿ, ಕುಡಿದು, ಸುಮ್ಮನಿದ್ದುಬಿಡಬಹುದಿತ್ತು. ಅಭ್ಯಾಸವಂತೂ ಇತ್ತು. ಆದರೆ ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದಮೇಲೆ ಬಟ್ಟಲು ತುಟಿಗೆ ಹೋಗಲಿಲ್ಲ.

“ನನಗೇನೂ ಗೊತ್ತಿರಲಿಲ್ಲ ಕಣೋ,” ಎಂದೆ. “ಲೆಕ್ಕಾನೂ ಇಲ್ಲ, ನಾಟಕಾನೂ ಇಲ್ಲ. ಅತ್ತೆ, ನೀವಾದ್ರೂ ನಂಬಿ.”

ಅತ್ತೆ ಚಾಪ್‌ಸ್ಟಿಕ್ಕಿನಿಂದ ಆವಿಯಲ್ಲಿ ಬೆಂದ ಮೀನಿನ ಕೆನ್ನೆಯ ಮೆತ್ತನೆ ತುಂಡನ್ನು ಬಿಡಿಸಿ ನನ್ನ ಬಟ್ಟಲಿಗೆ ಹಾಕಿದರು. ಆ ಮನೆಯಲ್ಲಿ ಆ ತುಂಡು ಅಲ್ಲಿಯವರೆಗೂ ಮಾವನವರ ಫೋಟೋದ ಮುಂದೆ ಮಾತ್ರ ಹೋಗುತ್ತಿತ್ತು.

“ನಿನಗೇನೂ ಗೊತ್ತಿಲ್ಲ ಅಂತ ನನಗೆ ಗೊತ್ತಪ್ಪ,” ಎಂದರು. “ಎಲ್ಲ ಗೊತ್ತಿರೋರು ಅವತ್ತು ಅವರವರ ಮನೇಲಿ ಕೂತು ಫೋನ್ ನೋಡ್ತಾ ಇದ್ರು. ಒಂದು ಕಾಲಿಗೆ ನಿನ್ನ ಚಪ್ಪಲಿ, ಇನ್ನೊಂದು ಕಾಲಿಗೆ ನನ್ನ ಮಗಳ ಗುಲಾಬಿ ಚಪ್ಪಲಿ ಹಾಕ್ಕೊಂಡು ಓಡಿ ಬಂದೋನು ನೀನೊಬ್ಬನೇ. ತಿನ್ನು.”

ಚಪ್ಪಲಿಯ ವಿಷಯವೂ ನನಗೆ ಗೊತ್ತಿರಲಿಲ್ಲ.